ಖಾಲಿ ಬಾರದ ಪೆನ್‌ಡ್ರೈವ್

ಸಾಫ್ಟ್‌ವೇರ್ ಬರೆಯುವುದು ಕಷ್ಟ. ಬರೆದದ್ದನ್ನು ನಾಲ್ಕು ಮನೆಗೆ ಹಂಚುವುದೇನು ಮಹಾ! ಹೀಗೆಂದುಕೊಂಡಿದ್ದ ಮಹಾಶಯ ನಾನೇ.

ಶಿರಸಿಯ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತೇನೆ. ಮನೆ ಹೆಗಡೆಕಟ್ಟಾದಲ್ಲಿ. ಹೆಂಡತಿ ಸುಮಂಗಲಾ ಮಹಿಳಾ ಸಂಘದ ಕಾರ್ಯದರ್ಶಿ. ಸಂಘದ ಆಸ್ತಿಯೆಂದರೆ ಮದುವೆ-ಮುಂಜಿಗೆ ಎರವಲು ಕೊಡುವ ದೊಡ್ಡ ದೊಡ್ಡ ಪಾತ್ರೆಗಳು. ಅವುಗಳಲ್ಲಿ ಪಾಯಸದ ತಾಮ್ರದ ಕೊಪ್ಪರಿಗೆ ಮಾತ್ರ ಒಂದೇ ಒಂದು. ಯಾವ ಪಾತ್ರೆ ಯಾವ ದಿನ ಯಾರಿಗೆ ಎಂದು ಹೇಳಿ ಹೇಳಿ ಹೆಂಡತಿಯ ಗಂಟಲು ಒಣಗುವುದನ್ನು ನೋಡಲಾರದೆ ನಾನೊಂದು ಡೇಟಾಬೇಸ್ ಅಪ್ಲಿಕೇಶನ್ ತಯಾರಿಸಿದೆ. ನಮ್ಮೂರ ಇಂಟರ್‌ನೆಟ್ ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎಂಬುದು ಅದಕ್ಕೇ ಗೊತ್ತಿಲ್ಲ. ಆದ್ದರಿಂದ ಅದರ ಹಂಗೇ ಬೇಡವೆಂದು, ಅವರವರ ಲ್ಯಾಪ್‌ಟಾಪಿನಲ್ಲೇ ನಡೆಯುವ ಹಾಗೆ ಮಾಡಿದ್ದೆ.

ಸಂಘದ ಇನ್ನಿಬ್ಬರು ಪ್ರಮುಖರಾದ ಮೇಲಿನ ಕೇರಿಯ ಸಾವಿತ್ರಕ್ಕ, ಕೆಳಗಿನ ಕೇರಿಯ ಕಮಲತ್ತಿಗೆ ಇವರಿಗೆ ಅದನ್ನು ತಲುಪಿಸಬೇಕಿತ್ತು. ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ, ಸಾವಿತ್ರಕ್ಕನ ಲ್ಯಾಪ್‌ಟಾಪಿಗೆ ಇಳಿಸಿ, ಚಹಾ ಕುಡಿದು ಗಂಭೀರವಾಗಿ ಮನೆಗೆ ಬಂದೆ. ಬಂದ ಕೂಡಲೇ ಸಾವಿತ್ರಕ್ಕನ ಫೋನು.

"ತಮಾ, ಚಿತ್ರ ಚಂದ ಇದ್ದು. ಒತ್ತಿರೆ ಮಾತ್ರ ಎಂತದೂ ಆಗ್ತಿಲ್ಲೆ!"

ನಾನು ಕೊಟ್ಟು ಬಂದದ್ದು ಬರೀ ಶಾರ್ಟ್‌ಕಟ್. ಅಂಗಡಿಯನ್ನು ಮನೆಯಲ್ಲಿಟ್ಟು ಬೋರ್ಡು ಮಾತ್ರ ನೇತುಹಾಕಿ ಬಂದಿದ್ದೆ! ಇದೇ ತಪ್ಪಿಗೆ ನಾನು ವಿದ್ಯಾರ್ಥಿಗಳ ಮಾರ್ಕು ಕತ್ತರಿಸುತ್ತೇನೆ. ಮರುದಿನ ಪೂರ್ತಿ ಅಪ್ಲಿಕೇಶನ್ ಒಯ್ದೆ. ಅದು ತೆರೆಯಲು ಇನ್ನೊಂದು ಸಾಫ್ಟ್‌ವೇರ್ ಬೇಕೆಂದು ಲ್ಯಾಪ್‌ಟಾಪು ಹಟ ಹಿಡಿಯಿತು. ಅದನ್ನು ತರಲು ಮತ್ತೆ ಓಡಿದೆ. ಪ್ರತಿ ಸಲವೂ ಸಾವಿತ್ರಕ್ಕ ಬೇಸರಿಸದೆ ಹೊಸದಾಗಿ ಚಹಾ ಮಾಡಿದರು.

ಅಂತೂ ಮೂರೂ ಮನೆಯಲ್ಲಿ ಕೆಲಸ ಶುರುವಾಯಿತು. ಮೂರು ಕಡೆ ಬರೆದದ್ದು ಒಂದಾಗಬೇಕಲ್ಲ? ವಾರಕ್ಕೊಮ್ಮೆ ಪೆನ್‌ಡ್ರೈವ್ ಮೂರೂ ಮನೆ ಸುತ್ತಿ, ಎಲ್ಲರ ಬುಕಿಂಗನ್ನು ಎಲ್ಲರಿಗೂ ಮುಟ್ಟಿಸಬೇಕೆಂದು ಆಜ್ಞೆ ಹೊರಡಿಸಿದೆ. "ಇನ್ನು ಕಂಪ್ಯೂಟರ್ ನೋಡ್ಕತ್ತು, ನೀನು ಆರಾಮಿರು," ಎಂದು ಹೆಂಡತಿಗೂ ಹೇಳಿದೆ. ಪಾಪ, ನಂಬಿದಳು.

ಆದರೆ ನಮ್ಮ ಕಡೆ ಬೇರೆ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿಯಿಲ್ಲ. ಒಂದು ಅಚ್ಚು ಬೆಲ್ಲವನ್ನಾದರೂ ಹಾಕಿಯೇ ಕೊಡಬೇಕು. ಸುಮಂಗಲಾಳ ಮನೆಯ ಪೆನ್‌ಡ್ರೈವನ್ನು ಹಾಗೇ ಕಳಿಸುವುದು ಹೇಗೆ? ಸಾವಿತ್ರಕ್ಕ ಮೊಮ್ಮಗಳ ಭರತನಾಟ್ಯದ ವಿಡಿಯೊ ಹಾಕಿದರು. ಕಮಲತ್ತಿಗೆ ಹಿಂದೆ ಬೀಳುವವರೇ? ಇಡೀ ಸಂಜೆಯ ಭಜನೆ ತುಂಬಿದರು! ವಾರವಾರವೂ ಈ ಔದಾರ್ಯ ಬೆಳೆಯಿತು. ಕೊನೆಗೊಂದು ದಿನ ಪೆನ್‌ಡ್ರೈವ್ ಭರ್ತಿಯಾಗಿ, ಜಾಗವಿಲ್ಲವೆಂದು ಲ್ಯಾಪ್‌ಟಾಪುಗಳು ಕೂಗಿಕೊಂಡವು. ಇಬ್ಬರೂ ಸೌಜನ್ಯದಿಂದ 'ಓಕೆ' ಒತ್ತಿ ಮುಂದೆ ಕಳಿಸಿದರು. ಬುಕಿಂಗುಗಳು ಇದ್ದಲ್ಲೇ ಉಳಿದವು. ನಾನು ಮನೆಯಲ್ಲಿ ಕೂತು ಭರತನಾಟ್ಯ ನೋಡಿದೆ.

ಆ ಶನಿವಾರ ಬೆಳಿಗ್ಗೆ ನಮ್ಮ ಅಂಗಳಕ್ಕೆ ಒಂದು ಜೀಪು ಬಂತು. ಹಿಂದೆಯೇ ಒಂದು ಟೆಂಪೊ. ಜೀಪಿನಿಂದ ಸಾವಿತ್ರಕ್ಕ, ಟೆಂಪೊದಿಂದ ಕಮಲತ್ತಿಗೆ ಇಳಿದರು; ಇಬ್ಬರೂ ಬಂದದ್ದು ಕೊಪ್ಪರಿಗೆ ಒಯ್ಯಲು. ಮರುದಿನ ಸಾವಿತ್ರಕ್ಕನ ಹೊಸ ಮನೆಯ ಗೃಹಪ್ರವೇಶ, ಕಮಲತ್ತಿಗೆಯ ಮಗನ ಉಪನಯನ. ಇಬ್ಬರ ಲ್ಯಾಪ್‌ಟಾಪಿನಲ್ಲೂ ಕೊಪ್ಪರಿಗೆ ತಮಗೇ! ಇನ್ನೊಬ್ಬರು ಬೇರೆ ಊರಿನಿಂದ ತರಿಸಿರಬೇಕೆಂದು ಇಬ್ಬರೂ ನಿಶ್ಚಿಂತರಾಗಿದ್ದರು. ನಮ್ಮ ಕಂಪ್ಯೂಟರಿನಲ್ಲಂತೂ ಕೊಪ್ಪರಿಗೆ ಯಾರಿಗೂ ಬೇಡವಾಗಿ ವಿಶ್ರಾಂತಿ ಪಡೆಯುತ್ತಿತ್ತು.

ಸುಮಂಗಲಾಳ ಮುಖ ಬಿಳಿಚಿಕೊಂಡಿತು. "ಇಷ್ಟು ವರ್ಷದಲ್ಲಿ ಯನ್ನ ಮಾತು ಒಂದಿನ ತಪ್ಪಿದ್ದಿಲ್ಲೆ," ಎಂದಳು. ಅವಳ ಕಣ್ಣಲ್ಲಿ ನೀರು ಕಂಡು ನನಗೆ ಭೂಮಿಯೊಳಗೆ ಇಳಿದುಹೋಗೋಣ ಎನಿಸಿತು.

"ತಾಂತ್ರಿಕವಾಗಿ ನೋಡಿದರೆ, ಮೂರೂ ಪ್ರತಿಗಳು ಸರಿಯಾಗಿಯೇ ಇವೆ..." ಎಂದು ಆರಂಭಿಸಿದೆ. ಯಾರೂ ಕೇಳಲಿಲ್ಲ. ಅದೇ ಒಳ್ಳೆಯದಾಯಿತು.

ಸಾವಿತ್ರಕ್ಕ ಜಗುಲಿಯಿಂದ ಎದ್ದರು. "ಕೊಪ್ಪರಿಗೆ ಕಮಲನ ಮನಿಗೇ ಹೋಗ್ಲಿ, ಮಾಣಿ ಉಪನಯನ ಅಲ್ದಾ? ಯಮ್ಮನೆ ಪಾಯಸನೂ ಅದ್ರಲ್ಲೇ ಮಾಡಿರೆ ಆತು."

"ಅದಕ್ಕೆಂತ ಅಕ್ಕಾ! ಬೆಲ್ಲ ಕಳ್ಸಡ, ಯಮ್ಮಲ್ಲೇ ಇದ್ದು," ಎಂದರು ಕಮಲತ್ತಿಗೆ.

ಮುಗಿಯಿತು! ಹೊಸ ಮನೆಯ ಮೊದಲ ಪಾಯಸ ತನ್ನ ಒಲೆಯ ಮೇಲೇ ಆಗಬೇಕೆಂದು ಸಾವಿತ್ರಕ್ಕನಿಗೆ ಎಷ್ಟು ಆಸೆಯಿತ್ತೆಂದು ನನಗೆ ಗೊತ್ತು. ಅದನ್ನು ಅವರು ಸೆರಗು ಕೊಡವಿದಷ್ಟು ಸಲೀಸಾಗಿ ಬಿಟ್ಟುಕೊಟ್ಟರು. ಭಾನುವಾರ ಬಕೆಟ್ಟುಗಳು ಕೆಳಗಿನ ಕೇರಿಯಿಂದ ಮೇಲಿನ ಕೇರಿಗೆ ಹೊರಟವು, ಎರಡೂ ಮನೆಯ ಪಂಕ್ತಿಗಳಲ್ಲಿ ಒಂದೇ ಪಾಯಸ ಬಿತ್ತು. ನಿಜ ಹೇಳುತ್ತೇನೆ, ಹಂಚುವುದೆಂದರೆ ಇದು! ಯಾವ ಎಲೆಗೂ ಬರೀ ಶಾರ್ಟ್‌ಕಟ್ ಬರಲಿಲ್ಲ. ಆ ಹೆಂಗಸರಿಗೆ ಮನಸ್ಸಿನಲ್ಲೇ ಕೈಮುಗಿದು ಮೂರು ಸಲ ಬಡಿಸಿಕೊಂಡೆ.

ಸಂಜೆ ಕಮಲತ್ತಿಗೆ ನಮಗೂ ಒಂದು ಪಾತ್ರೆ ಪಾಯಸ ಕಳಿಸಿದರು. ಮರುದಿನ ಸುಮಂಗಲಾ ಪಾತ್ರೆ ತೊಳೆದಿಟ್ಟಳು. ಪ್ರಾಯಶ್ಚಿತ್ತಕ್ಕೆ ಇದೇ ಸಮಯವೆಂದು, "ಆನು ಕೊಟ್ಟು ಬತ್ತೆ. ಖಾಲಿ ಕೊಡ್ಲಾಗ ಅಲ್ದಾ, ಎಂತ ಹಾಕನ?" ಎಂದೆ.

ಅವಳು ತಿರುಗಿಯೂ ನೋಡಲಿಲ್ಲ.

"ಎಂತ ಬೇಕಾರೂ ಹಾಕಿ. ನಿಂಗಳ ಪೆನ್‌ಡ್ರೈವ್ ಒಂದು ಬಿಟ್ಟು!"