ಭೀಮಗೊಂಡ ಯಾರವ?

ಜುಗೂಳದ ತವನಪ್ಪನ ಮನೆಗೆ ಬೆಳಿಗ್ಗೆ ಫೈಲು ಹಿಡಿದ ಹೆಣ್ಣುಮಗಳೊಬ್ಬಳು ಬಂದು ಅವನ ಮುತ್ತಜ್ಜನ ಹೆಸರು ಹೇಳಿ ವಿಚಾರಿಸಿದಳು. ತೊಂದರೆ ಶುರುವಾದದ್ದೇ ಅಲ್ಲಿಂದ.

"ನಾ ಮಯೂರಿ ಅಂತ್ರಿ, ಚಿಕ್ಕೋಡಿ ಕಾಲೇಜಿನ್ಯಾಗ ಇತಿಹಾಸ ಕಲಸ್ತೀನಿ. ಭೀಮಗೊಂಡ ಪಾಟೀಲರು ನಿಮ್ಮ ಹಿರ್ಯಾರು ಹೌದಲ್ರಿ? ನೂರು ವರ್ಷದ ಹಿಂದ ನೌಕಾಪಡಿ ಹಡಗಿನ್ಯಾಗ ಡಾಕ್ಟರ್ ಅಧಿಕಾರಿ ಇದ್ರು."

ತವನಪ್ಪನಿಗೆ ಹಡಗು ಕಾಣಲಿಲ್ಲ, ಫೈಲಷ್ಟೇ ಕಂಡಿತು. ಹೊಳೆದಂಡೆಯ ಕಬ್ಬಿನ ಹೊಲ ಇನ್ನೂ ಅದೇ ಭೀಮಗೊಂಡನ ಹೆಸರಲ್ಲಿತ್ತು. "ಚಹಾ ಕುಡೀರಿ" ಅಂತ ಆಕೆಯನ್ನು ಕೂಡಿಸಿ, ಹಿತ್ತಲಿನಿಂದ ಪಕ್ಕದ ಮನೆಯ ಸಮ್ಮೇದನ ಹತ್ತಿರ ಓಡಿದ. ಸಮ್ಮೇದ ಅದೇ ಮನೆತನದ ದೂರದ ದಾಯಾದಿ. ಊರಿಗೆಲ್ಲ ಪುಕ್ಕಟೆ ಸಲಹೆಗಾರ.

"ಹೊಲ ಹೊಡ್ಕೊಳ್ಳಾಕ ಬಂದಾಳ ತವನಪ್ಪಣ್ಣ," ಸಮ್ಮೇದ ಕಣ್ಣು ಸಣ್ಣದು ಮಾಡಿದ. "ಮೊದಲ ಹಿರ್ಯಾರನ್ನ ಹೊಗಳ್ತಾರ, ಆಮ್ಯಾಲ ಸಹಿ ಕೇಳ್ತಾರ. ನಮ್ಮವನ ಅಲ್ಲ ಅಂದುಬಿಡು."

ತವನಪ್ಪ ಮನೆಗೆ ಬಂದು ಹಾಗೇ ಅಂದ. "ಅವರು ಬ್ಯಾರೆ ಯಾರೋ, ನಮ್ಮ ಭೀಮಗೊಂಡ ಹೊಳಿ ದಾಟಿದಾವ ಅಲ್ರಿ. ನೀರು ಕಂಡ್ರ ಬೆಕ್ಕಿನಂಗ ಹೆದರ್ತಿದ್ದನಂತ."

"ಅಟ್ಟದ ಮ್ಯಾಲಿನ ಬಿಳಿ ಕೋಟು ಮತ್ತ ಯಾರದ್ರಿ?" ಹೆಂಡತಿ ತ್ರಿಶಲಾ ಒಳಗಿನಿಂದ ಕೇಳಿದಳು.

"ಬ್ಯಾಂಡಿನವರದು."

ಸಂಬಂಧವಿಲ್ಲವೆಂದು ಬರೆದುಕೊಡಲು ಮಯೂರಿ ಕೇಳಿದಾಗ, ಗೆದ್ದವನಂತೆ ಬರೆದು ಸಹಿ ಹಾಕಿದ.

ಮಧ್ಯಾಹ್ನ ನೋಡಿದರೆ ಮಯೂರಿ ಸಮ್ಮೇದನ ಕಟ್ಟೆಯ ಮೇಲಿದ್ದಾಳೆ. ಪಂಚಾಯಿತಿ ಅಧ್ಯಕ್ಷ ದಾದಾಸಾಹೇಬ ಸಮ್ಮೇದನಿಗೆ ಶಾಲು ಹೊದಿಸುತ್ತಿದ್ದಾನೆ. "ನಮ್ಮ ಭೀಮಗೊಂಡಪ್ಪಾರು ಬಸ್ರಾ ಬಂದರಿನ್ಯಾಗ ಕಾಲರಾ ಬಂದಾಗ ಇಡೀ ಹಡಗು ಉಳಿಸಿದ್ರು," ಸಮ್ಮೇದ ಎಲ್ಲರಿಗೂ ಹೇಳುತ್ತಿದ್ದ. ಹೊಳೆಯ ಹೊಸ ಸ್ನಾನಘಟ್ಟಕ್ಕೆ ಅವರದೇ ಹೆಸರಿಡುತ್ತಾರಂತೆ.

ತವನಪ್ಪ ಮನೆಗೆ ಓಡಿ, ಅಟ್ಟ ಹತ್ತಿ, ಕೋಟು ತೊಟ್ಟು ಬಂದ. ಕೋಟಿನ ಎರಡು ಅಂಚುಗಳು ಹೊಟ್ಟೆಯ ಮೇಲೆ ಒಂದನ್ನೊಂದು ಮುಟ್ಟಲೊಲ್ಲವು.

"ಆ ಚೀಟಿ ಹರೀರಿ. ಭೀಮಗೊಂಡಪ್ಪಾರು ನನ್ನ ಅಜ್ಜನ ಅಪ್ಪ. ಕಾಲರಿನ್ಯಾಗ ಹೆಸರು ಹೊಲಿದೈತಿ, ನೋಡ್ರಿ."

ಮಯೂರಿ ನೋಡಿದಳು, ಒಪ್ಪಿದಳು. ಸಮ್ಮೇದ ಜಗಳ ತೆಗೆಯಲಿಲ್ಲ. ತನ್ನ ಹೆಗಲ ಶಾಲನ್ನು ಬಿಚ್ಚಿ ತಾನೇ ತವನಪ್ಪನಿಗೆ ಹೊದಿಸಿ, "ಖರೇ ವಾರಸದಾರ ನೀನ ಅಣ್ಣ" ಅಂದ. ಬೆಳಗಿನಿಂದ ಎಲ್ಲರನ್ನೂ ಶಂಕಿಸಿದ ತವನಪ್ಪ, ಶಂಕಿಸಲೇಬೇಕಾದ ಈ ಗಳಿಗೆಯಲ್ಲಿ ಹಿಗ್ಗಿ ನಿಂತ.

"ಚಲೋ ಆತ್ರಿ," ಮಯೂರಿ ಫೈಲು ಮುಚ್ಚಿದಳು. "ಈಗಷ್ಟ ಸಮ್ಮೇದ ಅವರಿಗೆ ಹೇಳಾಕತ್ತಿದ್ದೆ. ಭೀಮಗೊಂಡರ ರಂಗೂನ್ ಹೆಂಡತಿ ಕಡೆಯವರು ಹನ್ನೊಂದು ಮಂದಿ ರಾಯಬಾಗ ಸ್ಟೇಷನ್ನಿನ್ಯಾಗ ಇಳದಾರ. ಹಿರ್ಯಾರ ಮನ್ಯಾಗ ಎರಡು ತಿಂಗಳು ಇರಬೇಕು ಅಂತಾರ."

ತವನಪ್ಪ ಶಾಲು ಬಿಚ್ಚಿ ಸಮ್ಮೇದನ ಕಡೆ ಚಾಚಿದ.

"ಏಡನ್ ಹೆಂಡತಿ ಕಡೆಯವರು ದೀಪಾವಳಿಗೆ ಬರ್ತಾರ್ರಿ," ಅಂದಳು ಮಯೂರಿ.