ಮಗಳ ಲಗ್ನ, ಕಾಕಾರ ವೋಟು

ಚುನಾವಣೆಗೆ ನಿಂತವರಿಗೆ ವೋಟು ಸಿಗುತ್ತದೋ ಇಲ್ಲವೋ, ಅವರ ಹಿಂದೆ ಚೀಲ ಹೊತ್ತು ತಿರುಗುವವರಿಗೆ ನಗುವಂತೂ ಸಿಕ್ಕೇ ಸಿಗುತ್ತದೆ. ಲಂಡನ್ನಿನ ಇಲ್ಫರ್ಡಿನಲ್ಲಿ ನಮ್ಮ ಹಿಂದಿನ ಬೀದಿಯ ಕಾಕಾ ಕೌನ್ಸಿಲ್ ಚುನಾವಣೆಗೆ ಎರಡು ಸಲ ನಿಂತರು. ಅವರು ವಿಜಯಪುರದವರು, ನಾನು ಧಾರವಾಡದವಳು. ಆ ಸಲುಗೆಗೆ ಎರಡು ಸಲವೂ ಕರಪತ್ರದ ಚೀಲ ನನ್ನ ಹೆಗಲಿಗೇ ಬಿತ್ತು. ಕಾಕಾ ಬಹಳ ಒಳ್ಳೆಯವರು. ಎದುರಿಗಿದ್ದವರು ಏನಂದರೂ ಹೂಂ ಅನ್ನುವ ಚಟವೊಂದಿದೆ, ಅಷ್ಟೇ.

೧. ನಡುವಿನ ಗೋಡೆ

ಮೊದಲ ಸಲ ನಿಂತಾಗ ಸಲಿಂಗ ವಿವಾಹದ ಕಾನೂನು ಹೊಸದು. ಯಾವ ಬಾಗಿಲು ತಟ್ಟಿದರೂ ಅದೇ ಪ್ರಶ್ನೆ, ನೀವು ಪರವೋ ವಿರೋಧವೋ ಅಂತ.

ಬೆಳಗಾವಿಯ ಅಜ್ಜ ಒಬ್ಬರು ಬಾಗಿಲು ತೆರೆದು, ಗಂಡಸರು ಗಂಡಸರನ್ನೇ ಲಗ್ನ ಆಗುವುದು ತನಗೆ ಸುತರಾಂ ಸೇರುವುದಿಲ್ಲ ಅಂದರು. ತನಗೂ ಸೇರುವುದಿಲ್ಲ ಅಂದರು ಕಾಕಾ. ಅಜ್ಜ ಖುಷಿಯಾಗಿ ಕೈ ಕುಲುಕಿದರು.

ಪಕ್ಕದ ಮನೆಯಲ್ಲಿ ಇಬ್ಬರು ಗಂಡಸರು ಜೊತೆಗಿದ್ದರು. ಕಾನೂನು ಬಂದದ್ದು ಒಳ್ಳೆಯದಾಯಿತು, ಅಲ್ಲವೇ ಎಂದು ಅವರು ಕೇಳಿದರು. ಬಹಳ ಒಳ್ಳೆಯದಾಯಿತು, ತಡವಾಗಿ ಬಂತು ಅನ್ನುವುದೇ ಬೇಸರ ಅಂದರು ಕಾಕಾ. ಅಲ್ಲಿಯ ಮನೆಗಳೋ ಒಂದಕ್ಕೊಂದು ಅಂಟಿಕೊಂಡಿವೆ, ಬಾಗಿಲಿನಿಂದ ಬಾಗಿಲಿಗೆ ಒಂದು ಮಾರು. ಅಜ್ಜ ಇನ್ನೂ ಹೊಸ್ತಿಲಲ್ಲೇ ನಿಂತಿದ್ದರು.

"ಅಲ್ರೀ, ನಮಗೊಂದು ಹೇಳಿದ್ರಿ, ಅವರಿಗೊಂದು ಹೇಳಿದ್ರಿ. ನಡುವಿನ ಗ್ವಾಡಿಗೆ ಏನ್ ಹೇಳ್ತೀರಿ?"

ಆ ಸಲ ಕಾಕಾ ಸೋತರು.

೨. ಯಾರೂ ಕೇಳದ ಪ್ರಶ್ನೆ

ಎರಡನೆಯ ಸಲ ನಿಲ್ಲುವ ಹೊತ್ತಿಗೆ ಕಾಕಾರ ಮಗಳ ಮದುವೆ ನಿಶ್ಚಯವಾಗಿತ್ತು. ಹುಡುಗಿ ಮೆಚ್ಚಿದ್ದೂ ಒಬ್ಬ ಹುಡುಗಿಯನ್ನೇ. ಮನೆಯಲ್ಲಿ ಎಲ್ಲರೂ ಒಪ್ಪಿದ್ದರು, ಕಾಕಾನೂ ಒಪ್ಪಿದ್ದರು. ಆದರೆ ಮತದಾನ ಮುಗಿಯುವವರೆಗೆ ಯಾರಿಗೂ ಹೇಳಬಾರದು, ಲಗ್ನ ಅದರ ಮರುವಾರ, ಅಂತ ಕಟ್ಟಪ್ಪಣೆ ಮಾಡಿದ್ದರು.

ಆ ಪ್ರಶ್ನೆ ಬಂದರೆ ಹೇಳಲೆಂದು ಉತ್ತರವೊಂದನ್ನು ಉರು ಹೊಡೆದುಕೊಂಡೇ ಹೊರಟರು. ಪುಣ್ಯಕ್ಕೆ ಯಾರೂ ಕೇಳಲಿಲ್ಲ. ಕಸದ ಡಬ್ಬಿ ಕೇಳಿದರು, ಪಾರ್ಕಿಂಗ್ ಕೇಳಿದರು, ಜಿಪಿ ಡಾಕ್ಟರು ಯಾಕೆ ಸಿಗುವುದಿಲ್ಲ ಅಂತ ಕೇಳಿದರು. ಇಷ್ಟು ವರ್ಷಗಳಲ್ಲಿ ಜನ ಆ ಮಾತನ್ನೇ ಮರೆತಿದ್ದರು. ಬೀದಿಯ ಕೊನೆಯ ಮನೆಗೆ ಬರುವಷ್ಟರಲ್ಲಿ ಕಾಕಾರಿಗೆ ತಡೆಯಲಾಗಲಿಲ್ಲ. ಮದುವೆ ವಿಷಯ ಏನೂ ಕೇಳುವುದಿಲ್ಲವೇ ಅಂತ ತಾವೇ ಕೇಳಿಬಿಟ್ಟರು.

ಆ ಮನೆಯಾಕೆ ಕಣ್ಣರಳಿಸಿ, "ಯಾರ ಮದುವಿರೀ?" ಅಂದಳು.

ಕಾಕಾ ಬಸ್ ಸ್ಟಾಪಿನವರೆಗೆ ಹಿಂದಿರುಗಿ ನೋಡಲಿಲ್ಲ.

೩. ಮಗಳ ಲೆಕ್ಕ

ಇದನ್ನು ಅವರ ಮನೆಯಲ್ಲಿ ಹೇಳಿಕೊಂಡು ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಮಗಳು ನಗಲಿಲ್ಲ. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ. ಅವತ್ತು ಕನ್ನಡದಲ್ಲೇ ಕೇಳಿದಳು.

"ಅಪ್ಪಾ, ನನ್ನ ಲಗ್ನದಿಂದ ನಿನ್ನ ವೋಟು ಎಷ್ಟು ಹೋಗ್ತಾವ?"

ಕಾಕಾ ತಲೆ ತಗ್ಗಿಸಿ ಕರಪತ್ರ ಮಡಚುತ್ತಾ ಕೂತರು. ನನಗೂ ನಕ್ಕಿದ್ದಕ್ಕೆ ನಾಚಿಕೆಯಾಯಿತು.

೪. ಜೋಡಿಯಾಗಿ ಬರಬೇಕು

ಮತದಾನಕ್ಕೆ ಮುಂಚಿನ ಭಾನುವಾರ ಮತ್ತೆ ಬೆಳಗಾವಿ ಅಜ್ಜನ ಬಾಗಿಲು. ಕಾಕಾ ನನ್ನ ಚೀಲಕ್ಕೆ ಕೈ ಹಾಕಿ, ನೋಡದೆಯೇ ಒಂದು ಕಾಗದ ಅಜ್ಜನ ಕೈಗಿಟ್ಟರು. ಅಜ್ಜ ಕನ್ನಡಕ ಏರಿಸಿ ಓದತೊಡಗಿದರು. ಓದಿದರು, ತಿರುಗಿಸಿ ಮತ್ತೆ ಓದಿದರು. ಆಗ ನಾನೂ ಇಣುಕಿದೆ. ಅದು ಲಗ್ನಪತ್ರಿಕೆ. ಕಾಕಾರ ಹೆಂಡತಿ ಕಾಕು ನೆಂಟರಿಗೆಂದು ತುಂಬಿಟ್ಟ ಚೀಲವೂ ಪಕ್ಷದ ಚೀಲವೇ, ಬರುವಾಗ ನಾನು ಅದನ್ನೇ ಎತ್ತಿಕೊಂಡು ಬಂದಿದ್ದೆ.

ಕಾಕಾ ಪತ್ರಿಕೆಗೆ ಕೈ ಚಾಚಿದರು. ಹುಡುಗಿಯರು, ಈಗಿನ ಕಾಲ ಅಂತ ಏನೋ ತೊದಲಿದರು.

"ತಿಳೀತು ಬಿಡ್ರಿ," ಅಂದರು ಅಜ್ಜ. "ಬಾಜೂ ಮನಿಯವರ ಲಗ್ನಕ್ಕೂ ಹೋಗಿ ಬಂದೀನಿ. ಊಟ ಚಲೋ ಇರಲಿಲ್ಲ, ಅದೊಂದು ಬಿಟ್ರ ಎಲ್ಲಾ ಚಲೋ ಆತು." ಆಮೇಲೆ ಪತ್ರಿಕೆಯನ್ನು ಹಾಗೇ ವಾಪಸು ಕೊಟ್ಟರು. "ಆದರ ಲಗ್ನಕ್ಕ ಹಿಂಗ ಕರೀತಾರೇನ್ರಿ? ಅರಿಷಿಣ ಇಲ್ಲ, ಕುಂಕುಮ ಇಲ್ಲ. ವೋಟ ಕೇಳಾಕ ಒಬ್ರ ಬಂದ್ರ ನಡೀತದ. ಮಗಳ ಲಗ್ನಕ್ಕ ಕರೀಲಿಕ್ಕೆ ಜೋಡಿಲೆ ಬರಬೇಕು."

ಅರ್ಧ ಗಂಟೆಯಲ್ಲಿ ಕಾಕಾ ಕಾಕುವನ್ನು ಕರೆದುಕೊಂಡು, ಕುಂಕುಮದ ಭರಣಿ ಹಿಡಿದು ಮತ್ತೆ ಬಂದರು. ಸುದ್ದಿ ಹರಡಿತು. ಅಜ್ಜನನ್ನು ಕರೆದು ನಮ್ಮನ್ನು ಬಿಟ್ಟರೆ ಹೇಗೆ ಅಂತ ಉಳಿದ ಮನೆಗಳವರು ಮುನಿಸಿಕೊಂಡರು. ಬುಧವಾರದವರೆಗೂ ಗಂಡ ಹೆಂಡತಿ ಮನೆಮನೆ ತಿರುಗಿದರು, ಕೂತರು, ಚಹಾ ಕುಡಿದರು, ಎದ್ದರು. ಕರಪತ್ರದ ಚೀಲ ಕಾಕಾರ ಮನೆಯ ಮೆಟ್ಟಿಲ ಕೆಳಗೇ ಉಳಿಯಿತು.

ಗುರುವಾರದ ಮತದಾನದಲ್ಲಿ ಕಾಕಾ ಮತ್ತೆ ಸೋತರು. ಮರುವಾರ ಲಗ್ನದ ಹಾಲ್‌ನಲ್ಲಿ ಮಾತ್ರ ಕುರ್ಚಿ ಸಾಲಲಿಲ್ಲ. ಮುಂದಿನ ಸಾಲಿನಲ್ಲಿ ಅಜ್ಜ, ಅವರ ಪಕ್ಕದಲ್ಲಿ ಬಾಜೂ ಮನೆಯ ಇಬ್ಬರೂ. ಊಟದ ಹೊತ್ತಿಗೆ ಹೋಳಿಗೆ ಬಡಿಸುತ್ತಾ ಬಂದ ಕಾಕಾ, ಇಷ್ಟು ಜನ ಇದ್ದೂ ವೋಟು ಯಾಕೆ ಬೀಳಲಿಲ್ಲ ಅಂತ ಅಜ್ಜನನ್ನು ಮೆಲ್ಲಗೆ ಕೇಳಿದರು.

"ವೋಟ ಎಲ್ಲಿ ಕೇಳಿದ್ರಿ ನೀವು? ಲಗ್ನಕ್ಕ ಕರದ್ರಿ, ಬಂದೀವಿ."

ಮದುಮಗಳು ಕೇಳಿಸಿಕೊಂಡು ನಗತೊಡಗಿದಳು. ಕಾಕಾ ಅವಳ ಎಲೆಗೂ ಒಂದು ಹೋಳಿಗೆ ಹಾಕಿದರು. "ಎಷ್ಟು ವೋಟು ಹೋಗ್ತಾವ ಅಂತ ಕೇಳಿದ್ಯಲ್ಲ ಅವ್ವಾ? ಎಲ್ಲಾ ಹೋದ್ವು ನೋಡು," ಅಂದು, ಗೆದ್ದವರ ಹಾಗೆ ನಗುತ್ತಾ ಮುಂದಿನ ಎಲೆಗೆ ನಡೆದರು.