ಚಾಸಿ ನಂಬರು ಸುಳ್ಳು ಹೇಳೋಲ್ಲ

ಮೇಷ್ಟ್ರ ಹಳೇ ಬಿಳಿ ಕಾರನ್ನು ದರ್ಜಿ ಸುಮ್ಮನೆ ಕೊಂಡುಬಿಟ್ಟಿದ್ದರೆ ಈ ರಾದ್ಧಾಂತವೇ ಇರುತ್ತಿರಲಿಲ್ಲ. ಸಂಜೆ ಸ್ವಂತ ಕಾರಿನಲ್ಲೇ ತಂಗಿ ಮನೆಗೆ ಕರೆದೊಯ್ಯುತ್ತೇನೆಂದು ಹೆಂಡತಿಗೆ ಮಾತು ಬೇರೆ ಕೊಟ್ಟಿದ್ದ. ಕೀ ಕೈಗೆ ಬಂದಿತ್ತು. ಅಷ್ಟರಲ್ಲಿ ಪಕ್ಕದಂಗಡಿಯ ಕ್ಷೌರಿಕ ಕತ್ತರಿ ಹಿಡಿದೇ ಓಡಿಬಂದ.

"ತಡಿಯಪ್ಪಾ! ಚಾಸಿ ನಂಬರ್ ನೋಡ್ದೆ ಗಾಡಿ ತಗೋತಾರಾ? ಅದನ್ನ ಹೊಡೆದ್ರೆ ಮೊಬೈಲಲ್ಲೇ ಗಾಡಿ ಜಾತಕ ಬರುತ್ತೆ. ಚಾಸಿ ನಂಬರು ಸುಳ್ಳು ಹೇಳೋಲ್ಲ!"

ನಂಬರು ಕೊರೆದದ್ದು ಕಾರಿನ ಹೊಟ್ಟೆಯಡಿ. ಕ್ಷೌರಿಕ ಅಂಗಾತ ಮಲಗಿ ಒಳಗೆ ತೂರಿದ. ಪಕ್ಕದಲ್ಲೇ, ಕೈ ಇಡಲೂ ಸಂದಿಲ್ಲದಂತೆ, ಅವರ ಅಂಗಡಿಗಳಿದ್ದ ಕಟ್ಟಡದ ಯಜಮಾನರ ಕಾರು ನಿಂತಿತ್ತು. ಅದೇ ಅಚ್ಚು, ಅದೇ ಬಿಳಿ. ಕ್ಷೌರಿಕ ಮಸಿ ಒರೆಸಿ, ಕೆಮ್ಮಿ, ಒಂದೊಂದೇ ಅಕ್ಷರ, ಅಂಕಿ ಕೂಗಿದ, ದರ್ಜಿ ಒತ್ತಿದ. ಮೇಷ್ಟ್ರ ಕಾರಿನಡಿ ಹೋದ ಪುಣ್ಯಾತ್ಮ ಯಜಮಾನರ ಕಾರಿನಡಿಯಿಂದ ಉಡದಂತೆ ಹೊರಬಂದ. ಯಾರೂ ಗಮನಿಸಲಿಲ್ಲ, ಎಲ್ಲರ ಕಣ್ಣೂ ಮೊಬೈಲಿನ ಮೇಲಿತ್ತು.

"ಮೂರು ಜನ ಮಾಲೀಕರು. ಎರಡು ಅಪಘಾತ. ಪ್ರವಾಹದಲ್ಲಿ ಮುಳುಗಿದ ಗಾಡಿ," ಎಂದು ಓದಿದ ದರ್ಜಿಯ ಮುಖ ಬಾಡಿದ ಸೊಪ್ಪಾಯಿತು.

ಅಲ್ಲೇ ನಿಂತಿದ್ದ ಯಜಮಾನರು ಹೊಟ್ಟೆ ಕುಣಿಸಿ ನಕ್ಕರು. "ಮೇಷ್ಟ್ರೇ, ಇದು ಕಾರೋ ದೋಣಿಯೋ? ಹೋದ ತಿಂಗಳು ನಾನು ತಗೊಂಡಿದ್ದು ನೋಡಿ. ಒಂದೇ ಕೈ ಓಡಿಸಿದ ಗಾಡಿ. ಮಳೆಹನಿ ಕೂಡ ಕಂಡಿಲ್ಲ!"

"ಮೊದಲಿಂದ ನಾನೊಬ್ಬನೇ ಓಡ್ಸಿರೋದು ಕಣಯ್ಯಾ!"

"ನಿಮ್ಮ ಮೀನಿನ ತೊಟ್ಟಿ ನೀವೇ ಇಟ್ಕೊಳ್ಳಿ ಮೇಷ್ಟ್ರೇ, ನಂಗೆ ಬೇಡ!" ಬೀದಿಗೆಲ್ಲ ಕೇಳುವಂತೆ ಕೂಗಿ ದರ್ಜಿ ಕೀ ವಾಪಸ್ಸು ಕೊಟ್ಟ.

ಮೇಷ್ಟ್ರಿಗೆ ಉರಿದುಹೋಯಿತು. ಕನ್ನಡಕ ಏರಿಸಿಕೊಂಡು ತಾವೇ ತಮ್ಮ ಕಾರಿನಡಿ ತೂರಿ ನಂಬರು ಬರೆದು ತಂದರು. ದರ್ಜಿ ಮತ್ತೆ ಒತ್ತಿದ. ಒಬ್ಬರೇ ಮಾಲೀಕರು. ಒಂದು ಗೀರೂ ಇಲ್ಲ.

"ಹಂಗಾದ್ರೆ ಮೊದಲು ಹೊಡೆದ ನಂಬರು ಯಾರ್ದು?"

ಕ್ಷೌರಿಕ ತಾನು ಹೊರಬಂದ ಜಾಗ ನೋಡಿದ, ಯಜಮಾನರ ಮುಖ ನೋಡಿದ. "ಅಯ್ಯೋ, ಅಂಗಡೀಲಿ ಗಿರಾಕಿ ಅರ್ಧ ತಲೇಲಿ ಕೂತವ್ನೆ!" ಎಂದು ಓಟ ಕಿತ್ತ.

ಯಜಮಾನರು ನಗು ನಿಲ್ಲಿಸಿ ತಮ್ಮ ಕಾರಿನತ್ತ ತಿರುಗಿದರು. ಆದರೆ ಕಟ್ಟಡ ಇದ್ದವರ ತಲೆ ಬಲು ಬೇಗ ಓಡುತ್ತದೆ. "ಇವನು ಬೇಡ ಅಂದ್ನಲ್ಲ ಮೇಷ್ಟ್ರೇ, ನಿಮ್ಮ ಕಾರು ನಂಗೆ!" ಮೇಷ್ಟ್ರು ಮೀನಿನ ತೊಟ್ಟಿಯ ಸೇಡಿಗೆ ತಕ್ಷಣ ಕೀ ಕೊಟ್ಟುಬಿಟ್ಟರು.

ಯಜಮಾನರು ದರ್ಜಿಯ ಹೆಗಲ ಮೇಲೆ ಕೈ ಹಾಕಿದರು. "ನಿಂಗೂ ಬೇಜಾರಾಗೋದು ಬೇಡಪ್ಪ, ನನ್ನದು ನೀನು ತಗೋ. ಅಂದಹಾಗೆ, ನಿನ್ನ ಅಂಗಡಿ ಬಾಡಿಗೆ ಕರಾರು ಈ ತಿಂಗಳಿಗೆ ಮುಗಿಯುತ್ತಲ್ವಾ?"

ಸಂಜೆ ಹೆಂಡತಿ ಸೀಟಿನ ಮೇಲೆ ಕೈಯಾಡಿಸಿ ಹಿಗ್ಗಿದಳು. "ಎಷ್ಟು ಚೆನ್ನಾಗಿದೆ ರೀ! ನಂಬರ್ ಗಿಂಬರ್ ಎಲ್ಲ ನೋಡೇ ತಗೊಂಡ್ರಿ ತಾನೆ?"

"ನೋಡಿದ್ದೇ ನೋಡಿದ್ದು ಕಣೇ," ಎಂದ ದರ್ಜಿ. ಅವಳ ನಗು ನೋಡಿ ಅವನಿಗೂ ನಗು ಬಂತು. ಮೋಡ ಕಟ್ಟಿತ್ತು. ಮಳೆಗೆ ಮುಂಚೆ ತಂಗಿ ಮನೆ ಸೇರಿದರೆ ಸಾಕೆಂದುಕೊಂಡು ಕೀ ತಿರುಗಿಸಿದ.